ಹಾಲುತೊಂಡೆಯ ವೈರಾಣುವೂ ಇಲಿಯ ಬಾಲದ ಸೂಜಿಯೂ

ಮದ್ದೂರು, ಮಳವಳ್ಳಿ ಸೀಮೆಯಲ್ಲಿ ರೇಷ್ಮೆ ಹುಳು ಸಾಕಿದ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಹಾಲುತೊಂಡೆ ಎಂಬ ಹೆಸರನ್ನು ಪರಿಚಯಿಸಬೇಕಾಗಿಲ್ಲ. ನಾಲ್ಕನೆಯ ಜ್ವರ ಎದ್ದು, ಇನ್ನು ನಾಲ್ಕಾರು ದಿನಗಳಲ್ಲಿ ಹಣ್ಣಾಗಿ ಚಂದ್ರಿಕೆ ಏರಬೇಕಾಗಿದ್ದ ಹುಳು ಸೊಪ್ಪು ಮುಟ್ಟದೆ ತಟ್ಟೆಯ ಅಂಚಿನಲ್ಲಿ ಸುಮ್ಮನೆ ಅಲೆಯತೊಡಗುತ್ತದೆ. ಮೈ ಊದಿ ಹೊಳೆಯುತ್ತದೆ. ಚರ್ಮ ಒಡೆದರೆ ಹಾಲಿನಂಥ ದ್ರವ ಸುರಿಯುತ್ತದೆ. ಆ ಒಂದು ಹನಿಯಲ್ಲಿ ಇಡೀ ಮನೆಯ ಬೆಳೆಯನ್ನು ನೆಲಕಚ್ಚಿಸುವಷ್ಟು ವೈರಾಣುಗಳಿರುತ್ತವೆ. ಅಂಥ ಹುಳುವನ್ನು ಕಡ್ಡಿಯಿಂದ ಎತ್ತಿ ದೂರ ಹಾಕಿ, ಕೈ ತೊಳೆದೇ ಮತ್ತೊಂದು ತಟ್ಟೆಯನ್ನು ಮುಟ್ಟುವ ಹೆಂಗಸರನ್ನು ನೀವೆಲ್ಲರೂ ನೋಡಿದ್ದೀರಿ. ಆ ತೊಳೆಯುವಿಕೆ ತಮ್ಮ ಕೈಯ ರಕ್ಷಣೆಗಲ್ಲ, ಹುಳುವಿನ ರಕ್ಷಣೆಗೆ. ಹಾಲುತೊಂಡೆ ಮನುಷ್ಯನಿಗೆ ಅಂಟುವ ರೋಗವಲ್ಲ.

ಈ ಪೀಠಿಕೆಗೆ ಕಾರಣವಿದೆ. ಕೆಲವು ತಿಂಗಳುಗಳ ಹಿಂದೆ ಮಳವಳ್ಳಿ ಕಡೆಯ ಒಬ್ಬ ತಾಯಿ ಮದುವೆಯೊಂದರಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಮೇಷ್ಟ್ರೇ, ನಮ್ಮ ಮಗಳು ಬೆಂಗಳೂರಲ್ಲಿ ಇಲಿಗೆ ವೈರಸ್ ಚುಚ್ತಾಳಂತೆ, ಅವಳಿಗೆ ಏನೂ ಆಗಾಕಿಲ್ವಾ?" ಎಂದು ಕೇಳಿದರು. ಮಗಳು ನನ್ನ ಶಿಷ್ಯೆಯೇ. ಫೋನಿನಲ್ಲಿ ವಿಚಾರಿಸಿದಾಗ, ತಾನು ಇಲಿಯ ಮಿದುಳಿಗೆ ವಂಶವಾಹಿಯೊಂದನ್ನು ಸಾಗಿಸುವ ಕೆಲಸ ಮಾಡುತ್ತಿರುವುದಾಗಿಯೂ, ಸಾಗಿಸುವ ವಾಹನ ವೈರಾಣುವೆಂದೂ ತಿಳಿಸಿದಳು. ತಾಯಿಗೆ ಅಂದು ಎರಡು ಮಾತಿನ ಸಮಾಧಾನ ಹೇಳಿದ್ದೆ. ಆ ಪ್ರಶ್ನೆಗೆ ಸಲ್ಲಬೇಕಾದ ಉತ್ತರ ಎರಡು ಮಾತಿನದಲ್ಲ. ಅದರ ಹಿಂದೆ ಇನ್ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ, ಅದರ ಒಂದು ಮುಖ್ಯ ಅಧ್ಯಾಯ ನಮ್ಮ ಮೈಸೂರಿನಲ್ಲೇ ನಡೆದಿದೆ.

ಮೊದಲು ವಿಷಯವೇನೆಂದು ನೋಡೋಣ. ಜೀವಕೋಶವೊಂದಕ್ಕೆ ಹೊರಗಿನ ವಂಶವಾಹಿಯನ್ನು ಸೇರಿಸಬೇಕಾದರೆ ಅದನ್ನು ಕೋಶದ ಪೊರೆಯನ್ನು ದಾಟಿಸಬೇಕು. ಬರಿಯ ಡಿಎನ್‌ಎ ತಾನಾಗಿ ಒಳಗೆ ಹೋಗುವುದು ಬಹಳ ಕಡಿಮೆ. ಆದುದರಿಂದ ಕೊಬ್ಬಿನ ಸಣ್ಣ ಹನಿಗಳಲ್ಲಿ ಸುತ್ತಿ ಕಳುಹಿಸುತ್ತಾರೆ. ವಿದ್ಯುತ್ತಿನ ಮಿಡಿತ ಕೊಟ್ಟು ಪೊರೆಯಲ್ಲಿ ಕ್ಷಣಕಾಲ ರಂಧ್ರ ತೆರೆಯುತ್ತಾರೆ. ಕೂದಲಿಗಿಂತ ಸಣ್ಣ ಗಾಜಿನ ಸೂಜಿಯಿಂದ ಮೊಟ್ಟೆಯೊಳಕ್ಕೆ ನೇರವಾಗಿ ತುಂಬುತ್ತಾರೆ. ಇವೆಲ್ಲಕ್ಕಿಂತ ಸಮರ್ಥ ವಾಹನ ವೈರಾಣು. ಕೋಶದೊಳಕ್ಕೆ ತನ್ನ ವಂಶವಾಹಿಗಳನ್ನು ತಲುಪಿಸುವುದೇ ಅದರ ಹುಟ್ಟುಕಸುಬು. ಕಬ್ಬಿನ ಗಾಡಿಯಿಂದ ಕಬ್ಬನ್ನಿಳಿಸಿ ಬೇರೆ ಸರಕು ಹೇರಿದಂತೆ, ವೈರಾಣುವಿನ ರೋಗಕಾರಕ ಭಾಗವನ್ನು ತೆಗೆದು ನಮಗೆ ಬೇಕಾದ ವಂಶವಾಹಿಯನ್ನು ಹೇರುತ್ತಾರೆ. ಇದು ದೂರದ ಮಾತಲ್ಲ. 2021ರಲ್ಲಿ ನಮ್ಮಲ್ಲಿ ಬಹುಪಾಲು ಮಂದಿ ತೋಳು ಚಾಚಿ ಹಾಕಿಸಿಕೊಂಡ ಕೋವಿಶೀಲ್ಡ್ ಇದೇ ಬಗೆಯದು. ಚಿಂಪಾಂಜಿಯ ಅಡೆನೋ ವೈರಾಣು ಗಾಡಿ, ಕೊರೋನಾದ ಮುಳ್ಳು ಪ್ರೋಟೀನಿನ ವಂಶವಾಹಿ ಸರಕು. ಗಾಡಿ ನಮ್ಮ ಮೈಯಲ್ಲಿ ಮರಿಮಾಡದಂತೆ ಅದರ ಒಂದು ಅಗತ್ಯ ವಂಶವಾಹಿಯನ್ನು ಮುಂಚೆಯೇ ಕಿತ್ತಿದ್ದರು.

ಹಾಲುತೊಂಡೆಯ ವೈರಾಣುವೂ ಇಂಥ ಗಾಡಿಯಾಗಿದೆ ಎಂದರೆ ನಮ್ಮ ರೇಷ್ಮೆ ಬೆಳೆಗಾರರಿಗೆ ಆಶ್ಚರ್ಯವಾದೀತು. 1985ರಲ್ಲಿ ಜಪಾನಿನ ಸುಸುಮು ಮಾಯೆದಾ ಮತ್ತು ಸಂಗಡಿಗರು ಮನುಷ್ಯನ ಇಂಟರ್‌ಫೆರಾನ್ ವಂಶವಾಹಿಯನ್ನು ಈ ವೈರಾಣುವಿಗೆ ಹೇರಿ, ರೇಷ್ಮೆ ಹುಳುವಿನ ಮೈಯಲ್ಲೇ ಆ ಔಷಧ ತಯಾರಾಗುವಂತೆ ಮಾಡಿದರು. 1990ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಪಿ. ಗೋಪಿನಾಥನ್ ಅವರ ತಂಡ ಇದೇ ವೈರಾಣುವಿನ ಮೂಲಕ ಮಿಣುಕುಹುಳದ ಬೆಳಕಿನ ಕಿಣ್ವದ ವಂಶವಾಹಿಯನ್ನು ರೇಷ್ಮೆ ಹುಳುವಿಗೆ ತಲುಪಿಸಿತು. ನಮ್ಮ ಅಜ್ಜಿಯರು ಶಪಿಸುತ್ತಿದ್ದ ರೋಗ ವಿಜ್ಞಾನದ ಎತ್ತಿನಗಾಡಿಯಾದ ಬಗೆ ಇದು. ಸುರಕ್ಷತೆಯ ದೃಷ್ಟಿಯಿಂದ ಇದರಷ್ಟು ನಿಶ್ಚಿಂತೆಯ ವಾಹನಗಳು ಕಡಿಮೆ. ಕೀಟಗಳ ವೈರಾಣುವಾದ ಇದು ಸಸ್ತನಿಗಳ ಕೋಶದಲ್ಲಿ ಸಂತಾನ ಬೆಳೆಸಲಾರದು. ಹುಳುಮನೆ ತೊಳೆಯಲು ಬಳಸುವ ಫಾರ್ಮಲಿನ್ನಿನ ಘಾಟಿನಿಂದ ಕಣ್ಣು, ಮೂಗು, ಎದೆ ಉರಿಸಿಕೊಂಡವರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ. ಹಾಲುತೊಂಡೆಯಿಂದ ಹಾಸಿಗೆ ಹಿಡಿದವರು ಒಬ್ಬರೂ ಇಲ್ಲ.

ಎಲ್ಲ ವಾಹನಗಳೂ ಇಷ್ಟು ಸಾಧುವಲ್ಲ. ಈಗ ಮೈಸೂರಿಗೆ ಬರೋಣ. 1939ರವರೆಗೆ ನಮ್ಮ ಮಂಡ್ಯವೂ ಮೈಸೂರು ಜಿಲ್ಲೆಯದೇ ಭಾಗ, ಆದ್ದರಿಂದ ಇದು ನಮ್ಮದೇ ಕಥೆ.

1796ರಲ್ಲಿ ಎಡ್ವರ್ಡ್ ಜೆನ್ನರ್, ಹಾಲು ಕರೆಯುವ ಸಾರಾ ನೆಲ್ಮ್ಸ್ ಎಂಬಾಕೆಯ ಕೈಯ ಗುಳ್ಳೆಯಿಂದ ದ್ರವ ತೆಗೆದು ಎಂಟು ವರ್ಷದ ಜೇಮ್ಸ್ ಫಿಪ್ಸ್‌ನ ತೋಳಿಗೆ ಹಚ್ಚಿದ್ದನ್ನು ನಾವೆಲ್ಲ ಪಾಠ ಮಾಡಿದ್ದೇವೆ. ಪಾಠ ಮಾಡುವಾಗ ಒಂದು ಸಂಗತಿಯನ್ನು ಹಾದು ಹೋಗುತ್ತೇವೆ. ಸಾರಾಳ ಕೈಗೆ ಆ ಗುಳ್ಳೆ ಬಂದದ್ದು ಪ್ರಾಣಿಯೊಂದಿಗಿನ ದಿನನಿತ್ಯದ ಕೆಲಸದಿಂದ. ಲಸಿಕೆಯ ಇತಿಹಾಸ ಆರಂಭವಾಗುವುದೇ ಪ್ರಾಣಿ ಮುಟ್ಟುವವಳ ಕೈಗೆ ತಗುಲಿದ ಸೋಂಕಿನಿಂದ. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಭಾರತದ ಮೊದಲ ಲಸಿಕೆ ಹಿಡಿಯಿತು. ಅಲ್ಲಿಂದ ದಕ್ಷಿಣಕ್ಕೆ ಅದು ಬಂದದ್ದು ತೋಳಿನಿಂದ ತೋಳಿಗೆ. ಒಂದು ಮಗುವಿನ ಗುಳ್ಳೆ ಹಣ್ಣಾದಾಗ ಅದರ ದ್ರವವನ್ನು ಮುಂದಿನ ಮಗುವಿಗೆ, ಅದರಿಂದ ಮತ್ತೊಂದಕ್ಕೆ. ವೈರಾಣುವನ್ನು ಊರಿಂದೂರಿಗೆ ಒಯ್ಯುವ ವಾಹನ ಮಗುವೇ ಆಗಿತ್ತು. ಒಬ್ಬರ ರಕ್ತದಲ್ಲಿದ್ದ ಬೇರೆ ರೋಗಗಳೂ ಜೊತೆಗೆ ಸಾಗುವ ಅಪಾಯವಿತ್ತು. ಕರುವಿನ ಮೈಮೇಲೆ ಲಸಿಕೆ ಬೆಳೆಸುವ ಪದ್ಧತಿ ಬಂದ ಮೇಲೆಯೇ ಆ ಭಯ ಕಳೆದದ್ದು.

1805ರ ಹೊತ್ತಿಗೆ ಚಿತ್ರಕಾರ ಥಾಮಸ್ ಹಿಕಿ ಮೂವರು ರಾಜಸ್ತ್ರೀಯರ ಚಿತ್ರ ಬರೆದನು. ಅದರಲ್ಲಿ ಒಬ್ಬಾಕೆ ಸೆರಗು ಸರಿಸಿ, ಲಸಿಕೆ ಹಾಕಿದ ತೋಳಿನ ಜಾಗವನ್ನು ತೋರುವಂತಿದೆ. ಇವರು ಮುಮ್ಮಡಿ ಕೃಷ್ಣರಾಜ ಒಡೆಯರ ಅರಮನೆಯವರೆಂದೂ, ಚಿತ್ರದ ಉದ್ದೇಶ ಲಸಿಕೆಯ ಪ್ರಚಾರವೆಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ ಅಭಿಪ್ರಾಯಪಟ್ಟಿದ್ದಾರೆ. ಅರಮನೆಯ ಹೆಂಗಸರು ಪರದೇಶದ ವೈದ್ಯರ ಚುಚ್ಚುಮದ್ದನ್ನು ಒಪ್ಪಿ ಅದಕ್ಕೆ ಸಾಕ್ಷಿಯಾಗಿ ಚಿತ್ರಕ್ಕೆ ನಿಂತರೆಂಬುದು ನಿಜವಾಗಿದ್ದಲ್ಲಿ, ಇಂದಿನ ಯಾವ ಜಾಹೀರಾತಿಗೂ ಅದು ಕಡಿಮೆಯಲ್ಲವೆಂದು ನನಗನ್ನಿಸುತ್ತದೆ. ಅವರ ಒಪ್ಪಿಗೆಯನ್ನಾದರೂ ಕೇಳಲಾಯಿತು. ತೋಳಿನಿಂದ ತೋಳಿಗೆ ಲಸಿಕೆ ಹೊತ್ತು ನಡೆದ ಬಡಮಕ್ಕಳ ಒಪ್ಪಿಗೆಯನ್ನು ಕೇಳಿದವರಾರು?

ಈ ಲಸಿಕೆಯ ವೈರಾಣುವಿಗೆ ವ್ಯಾಕ್ಸೀನಿಯಾ ಎಂದು ಹೆಸರು. ಹಸುವಿನ ಸಿಡುಬಿನ ವೈರಾಣುವಿಗಿಂತ ಇದು ಬೇರೆ, ಆದರೆ ಅದೇ ಬಳಗದ್ದು. ಕೋಟಿಗಟ್ಟಲೆ ಜನರ ತೋಳಿಗೆ ಹೋಗಿ, 1980ರಲ್ಲಿ ಸಿಡುಬಿನ ನಿರ್ಮೂಲನ ಘೋಷಣೆಯಾಗುವಷ್ಟರಲ್ಲಿ ಅದರ ಕೆಲಸ ಮುಗಿದಿತ್ತು. ಎರಡೇ ವರ್ಷದಲ್ಲಿ, 1982ರಲ್ಲಿ, ಅಮೆರಿಕದ ಬರ್ನಾರ್ಡ್ ಮಾಸ್ ತಂಡವೂ ಎಂಜೊ ಪಾವೊಲೆಟ್ಟಿ ತಂಡವೂ ಬೇರೆಬೇರೆಯಾಗಿ ಅದಕ್ಕೆ ಹೊಸ ಉದ್ಯೋಗ ಹುಡುಕಿಕೊಟ್ಟವು: ವಂಶವಾಹಿ ಸಾಗಿಸುವ ಗಾಡಿ. ಹುಚ್ಚುನಾಯಿ ರೋಗದ ವೈರಾಣುವಿನ ಒಂದು ವಂಶವಾಹಿಯನ್ನು ಅದಕ್ಕೆ ಹೇರಿ, ಪ್ರಾಣಿಗಳಿಗೆ ಲಸಿಕೆ ತಯಾರಿಸಿದರು. ಯುರೋಪಿನ ಕಾಡುಗಳಲ್ಲಿ ನರಿಗಳಿಗೆ ತಿನಿಸಿನೊಳಗಿಟ್ಟು ಹಾಕಿದಾಗ ಇದು ಬಹಳ ಒಳ್ಳೆಯ ಫಲ ಕೊಟ್ಟಿತು.

ಫಲ ಕೊಡುವುದಕ್ಕೆ ಮೊದಲು, 1986ರಲ್ಲಿ, ಅರ್ಜೆಂಟೀನಾದ ಅಜುಲ್ ಎಂಬಲ್ಲಿ ನಡೆದದ್ದನ್ನು ನಮ್ಮಂಥ ಹಾಲಿನ ಸೀಮೆಯವರು ತಿಳಿದಿರಬೇಕು. ಅಮೆರಿಕದ ವಿಸ್ಟಾರ್ ಸಂಸ್ಥೆಯ ಈ ಲಸಿಕೆಯನ್ನು ಅಲ್ಲಿನ ಸಂಶೋಧನಾ ಕೇಂದ್ರವೊಂದರಲ್ಲಿ 20 ಹಸುಗಳಿಗೆ ಹಾಕಿದರು. ಆ ದೇಶದ ಸರ್ಕಾರದ ಅನುಮತಿ ಪಡೆದಿರಲಿಲ್ಲ. ಹಸು ನೋಡಿಕೊಂಡು ಹಾಲು ಕರೆಯುತ್ತಿದ್ದ ಆಳುಗಳಿಗೆ ವಿಷಯ ತಿಳಿಸಿರಲಿಲ್ಲವೆಂಬ ಆಕ್ಷೇಪ ಎದ್ದಿತು. ಸುದ್ದಿ ಹೊರಬಿದ್ದು ಸರ್ಕಾರ ಪ್ರಯೋಗವನ್ನು ನಿಲ್ಲಿಸಿತು. ಆಳುಗಳಿಗೆ ನಿಜವಾಗಿ ಸೋಂಕು ತಗುಲಿತೇ ಇಲ್ಲವೇ ಎಂಬುದು ವಾದವಿವಾದದ ವಿಷಯ. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಮುಂಜಾನೆ ಕೊಟ್ಟಿಗೆಗೆ ಹೋಗಿ ಕೆಚ್ಚಲಿಗೆ ಕೈಯಿಡುವವನಿಗೆ ಆ ಕೆಚ್ಚಲಿನ ಮೇಲೇನಿದೆ ಎಂಬುದನ್ನು ಹೇಳಬೇಕೇ ಬೇಡವೇ ಎಂಬುದು ಮೊದಲನೆಯದು.

ಕೆಚ್ಚಲಿನ ಮಾತನ್ನು ಸುಮ್ಮನೆ ಆಡುತ್ತಿಲ್ಲ. ನಮ್ಮ ದೇಶದಲ್ಲಿ ಎಮ್ಮೆಗಳಿಗೆ ಬರುವ ಎಮ್ಮೆಸಿಡುಬಿನ ವೈರಾಣು ವ್ಯಾಕ್ಸೀನಿಯಾದ ತೀರ ಹತ್ತಿರದ ದಾಯಾದಿ. ಕೆಚ್ಚಲು, ಮೊಲೆತೊಟ್ಟುಗಳ ಮೇಲೆ ಗುಳ್ಳೆಯೇಳುತ್ತದೆ, ಹಾಲು ಕರೆಯುವವರ ಬೆರಳು, ಮುಂಗೈಗಳಿಗೆ ಅಂಟುತ್ತದೆ. 1980ರ ದಶಕದಲ್ಲಿ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಹೀಗೆ ಅನೇಕರಿಗೆ ಅಂಟಿತು. ಒಂದು ಕಾಲದಲ್ಲಿ ಲಸಿಕೆ ಹಾಕಿಸಿಕೊಂಡ ಮನುಷ್ಯರಿಂದಲೇ ಅದು ಎಮ್ಮೆಗೆ ದಾಟಿ ಅಲ್ಲಿ ನೆಲೆಸಿರಬೇಕೆಂದು ತರ್ಕಿಸುವ ವಿದ್ವಾಂಸರಿದ್ದಾರೆ. ಗೆಜ್ಜಲಗೆರೆಯ ಡೇರಿಗೆ ದಿನಾ ಹಾಲು ಹಾಕುವ ನಮ್ಮ ಮನೆಗಳವರು ಕೆಚ್ಚಲಿನ ಗುಳ್ಳೆಯನ್ನು ಅಲಕ್ಷ್ಯ ಮಾಡದೆ ಪಶುವೈದ್ಯರಿಗೆ ತೋರಿಸುವುದು ಲೇಸು.

ಪ್ರಯೋಗಾಲಯದಲ್ಲಿಯೂ ಈ ವೈರಾಣು ಕೈಕೊಟ್ಟದ್ದುಂಟು. 2018ರ ಡಿಸೆಂಬರಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ 26 ವರ್ಷದ ಪ್ರಯೋಗಾಲಯ ಸಿಬ್ಬಂದಿಯೊಬ್ಬಳು ಇಲಿಯ ಬಾಲಕ್ಕೆ ವ್ಯಾಕ್ಸೀನಿಯಾ ಚುಚ್ಚುವಾಗ ಸೂಜಿ ಅವಳ ಬೆರಳಿಗೇ ತಾಗಿತು. ಕೂಡಲೇ ನೀರಿನಲ್ಲಿ ತೊಳೆದುಕೊಂಡಳು. ಬೆರಳು ಊದಿತು, ಜ್ವರ ಬಂತು. ವಿಶೇಷ ಔಷಧಗಳನ್ನು ತರಿಸಿ ಕೊಡಬೇಕಾಯಿತು. ಗಾಯ ಪೂರ್ತಿ ಮಾಯಲು ಮೂರು ತಿಂಗಳಿಗೂ ಮೇಲೆ ಹಿಡಿಯಿತು. ಕೆಲಸಕ್ಕೆ ಸೇರುವಾಗ ಲಸಿಕೆ ಕೊಡುತ್ತೇವೆಂದಾಗ ಆಕೆ ಬೇಡವೆಂದಿದ್ದಳು. ಸೋಂಕು ಇಷ್ಟು ತೀವ್ರವಾಗಬಹುದೆಂದು ತನಗೆ ಆಗ ಮನದಟ್ಟಾಗಿರಲಿಲ್ಲವೆಂದು ಅನಂತರ ಹೇಳಿದಳಂತೆ. ನನ್ನ ಶಿಷ್ಯೆಗೆ ಈ ಪ್ರಕರಣವನ್ನು ಎರಡು ಸಲ ಓದಿಸಿದ್ದೇನೆ.

ಇಂಥ ಅಪಾಯಗಳನ್ನು ವಿಜ್ಞಾನಿಗಳು ಮೊದಲೇ ಯೋಚಿಸಿರಲಿಲ್ಲವೇ ಎಂದು ಕೇಳಬಹುದು. ಯೋಚಿಸಿದ್ದರು, ಮತ್ತು ಅದು ವಿಜ್ಞಾನದ ಇತಿಹಾಸದಲ್ಲಿ ಮೆಚ್ಚಬೇಕಾದ ಪ್ರಸಂಗ. 1971ರಲ್ಲಿ ಸ್ಟ್ಯಾನ್‌ಫರ್ಡಿನ ಪಾಲ್ ಬರ್ಗ್ ಅವರ ತಂಡ ಮಂಗಗಳ ಎಸ್‌ವಿ 40 ಎಂಬ ವೈರಾಣುವಿನ ಡಿಎನ್‌ಎಯನ್ನು ಬೇರೆ ಡಿಎನ್‌ಎಗೆ ಬೆಸೆದು ನಮ್ಮ ಕರುಳಿನಲ್ಲಿರುವ ಈ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಲು ಹೊರಟಿತ್ತು. ಎಸ್‌ವಿ 40 ಹ್ಯಾಮ್‌ಸ್ಟರ್ ಇಲಿಗಳಲ್ಲಿ ಗಂತಿ ಹುಟ್ಟಿಸುವ ವೈರಾಣು. ಬರ್ಗರ ವಿದ್ಯಾರ್ಥಿನಿ ಜಾನೆಟ್ ಮೆರ್ಟ್ಜ್ ತರಬೇತಿಯೊಂದರಲ್ಲಿ ಈ ಯೋಜನೆಯನ್ನು ಹೇಳಿದಾಗ, ಅಲ್ಲಿದ್ದ ರಾಬರ್ಟ್ ಪೊಲಾಕ್ ಗಾಬರಿಯಾಗಿ ಬರ್ಗರಿಗೆ ಫೋನು ಮಾಡಿದರು: ಆ ಬ್ಯಾಕ್ಟೀರಿಯಾ ತಪ್ಪಿಸಿಕೊಂಡು ಕೆಲಸದವರ ಹೊಟ್ಟೆ ಸೇರಿದರೆ ಗತಿಯೇನು? ಬರ್ಗ್ ಆ ಹಂತವನ್ನು ಕೈಬಿಟ್ಟರು. 1974ರಲ್ಲಿ ಇಂಥ ಕೆಲವು ಪ್ರಯೋಗಗಳನ್ನು ತಾವಾಗಿ ನಿಲ್ಲಿಸೋಣವೆಂದು ವಿಜ್ಞಾನಿಗಳೇ ಪತ್ರ ಬರೆದರು. 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರಿನಲ್ಲಿ ಸುಮಾರು 140 ಮಂದಿ ಸೇರಿ ನಿಯಮಗಳನ್ನು ಚರ್ಚಿಸಿದರು. ಅಪಾಯ ಹೆಚ್ಚಿದಂತೆ ಗೋಡೆ, ಬಾಗಿಲು, ಗಾಳಿಯ ಶೋಧನೆ ಹೆಚ್ಚಬೇಕೆಂಬ ಹಂತಹಂತದ ಕ್ರಮವೂ, ಪ್ರಯೋಗಾಲಯದ ಹೊರಗೆ ಬದುಕಲಾರದಂಥ ಕುಂಠಿತ ಜೀವಿಗಳನ್ನೇ ಬಳಸಬೇಕೆಂಬ ತತ್ತ್ವವೂ ಆ ಚರ್ಚೆಗಳಿಂದ ಗಟ್ಟಿಯಾದವು.

ನಮ್ಮ ನಾಡಿಗೆ ಈ ಪಾಠವನ್ನು ಸಭೆಯೊಂದು ಕಲಿಸಲಿಲ್ಲ, ಮಂಗ ಕಲಿಸಿತು. 1957ರ ಮೊದಲ ತಿಂಗಳುಗಳಲ್ಲಿ ಆಗಿನ ಶಿವಮೊಗ್ಗ ಜಿಲ್ಲೆಯ ಸೊರಬ, ಸಾಗರ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೆಂಪುಮೂತಿಯ ಮಂಗಗಳೂ ಸತ್ತು ಬೀಳತೊಡಗಿದವು. ಕಾಡಿಗೆ ಸೌದೆಗೆ ಹೋದವರಿಗೆ ಘೋರ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಆಫ್ರಿಕಾದ ಹಳದಿ ಜ್ವರವೇ ಬಂತೋ ಎಂದು ಭಯಪಟ್ಟು, 1952ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಾಣು ಸಂಶೋಧನಾ ಕೇಂದ್ರದವರು ಬಂದರು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಕಾಡಿನಲ್ಲಿ ತಂಗಿ ಮಂಗಗಳ ಅಂಗಾಂಗಗಳನ್ನೂ ಉಣ್ಣೆಗಳನ್ನೂ ಸಂಗ್ರಹಿಸಿದರು. ವೈರಾಣುವನ್ನು ಇಲಿಮರಿಗಳ ಮಿದುಳಿನಲ್ಲಿ ಬೆಳೆಸಿ ಗುರುತಿಸಿದರು. ಅದು ಹಳದಿ ಜ್ವರವಲ್ಲ, ರಷ್ಯಾದ ಉಣ್ಣೆಯಿಂದ ಹರಡುವ ಮಿದುಳುಜ್ವರದ ವೈರಾಣುವಿನ ಬಳಗದ ಹೊಸ ವೈರಾಣು.

ಈ ಯಶಸ್ಸಿನ ಬೆಲೆಯನ್ನು ತೆತ್ತವರು ಕೆಲಸಗಾರರು. ಕಾಡಿನಲ್ಲಿ ಉಣ್ಣೆ ಹಿಡಿಯುತ್ತಿದ್ದವರಿಗೂ, ಪುಣೆಯ ಪ್ರಯೋಗಾಲಯದಲ್ಲಿ ಸೋಂಕಿತ ಇಲಿಗಳೊಂದಿಗೆ, ಉಣ್ಣೆಗಳೊಂದಿಗೆ ಇರುತ್ತಿದ್ದವರಿಗೂ ಮಂಗನ ಕಾಯಿಲೆ ತಗುಲಿತು. ಮುಂದೆ ವೈರಾಣುಗಳಿಂದ ಪ್ರಯೋಗಾಲಯದ ಸಿಬ್ಬಂದಿಗೆ ಬಂದ ಕಾಯಿಲೆಗಳ ಬಗೆಗೆ ಆ ಸಂಸ್ಥೆಯ ವಿಜ್ಞಾನಿಗಳೇ 1979ರಲ್ಲಿ ಪ್ರಬಂಧ ಪ್ರಕಟಿಸಿದರು. ಇದನ್ನು ನಾನು ಆ ಸಂಸ್ಥೆಯ ಅಗೌರವಕ್ಕಾಗಿ ಬರೆಯುತ್ತಿಲ್ಲ. ತಮ್ಮಲ್ಲಾದ ಸೋಂಕನ್ನು ತಾವೇ ಲೆಕ್ಕವಿಟ್ಟು ಪ್ರಕಟಿಸುವುದು ದೊಡ್ಡ ಗುಣ. ರೋಗವನ್ನು ಕಂಡುಹಿಡಿದವರ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ, ಪಂಜರ ತೊಳೆದು ಮಲಗಿದವನ ಹೆಸರು ಉಳಿಯುವುದಿಲ್ಲ. ಪ್ರಕಟಣೆಯಲ್ಲಿ ಆತ ಒಂದು ಅಂಕಿಯಾಗಿಯಾದರೂ ಉಳಿದ.

ಇದಕ್ಕೂ ಒಂದು ವರ್ಷ ಮುಂಚೆ, 1978ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜಾನೆಟ್ ಪಾರ್ಕರ್ ಎಂಬ ಛಾಯಾಗ್ರಾಹಕಿ ಸಿಡುಬಿನಿಂದ ಸತ್ತಳು. ಆಕೆಯ ಕೆಲಸದ ಕೋಣೆ ಸಿಡುಬಿನ ಪ್ರಯೋಗಾಲಯದ ಮೇಲಂತಸ್ತಿನಲ್ಲಿತ್ತು. ಲೋಕದಲ್ಲಿ ಸಿಡುಬಿಗೆ ಬಲಿಯಾದವರಲ್ಲಿ ಕೊನೆಯವಳು ವೈರಾಣುವನ್ನು ಎಂದೂ ಮುಟ್ಟಿದವಳೇ ಅಲ್ಲ.

ನಮ್ಮ ದೇಶದಲ್ಲಿ ಕಾನೂನು ಬಂದದ್ದು ಭೋಪಾಲದ ನಂತರ. 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ 1989ರ ಡಿಸೆಂಬರ್ 5ರಂದು ಕುಲಾಂತರಿ ಜೀವಿಗಳ ನಿಯಮಗಳು ಹೊರಟವು. 1990ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ ಸುರಕ್ಷತಾ ಮಾರ್ಗಸೂಚಿಯನ್ನು ಪ್ರಕಟಿಸಿತು. 2017ರಲ್ಲಿ ಅದನ್ನು ಹೊಸದಾಗಿ ಬರೆಯಿತು. ಇಂಥ ಕೆಲಸ ಮಾಡುವ ಪ್ರತಿ ಸಂಸ್ಥೆಯಲ್ಲಿ ಜೈವಿಕ ಸುರಕ್ಷತಾ ಸಮಿತಿ ಇರಬೇಕು, ಅದರಲ್ಲಿ ವೈದ್ಯಕೀಯ ಪದವೀಧರರೊಬ್ಬರೂ ಇಲಾಖೆಯ ಪ್ರತಿನಿಧಿಯೂ ಇರಬೇಕು. ಕಾಗದದ ಮೇಲೆ ವ್ಯವಸ್ಥೆ ಚೆನ್ನಾಗಿದೆ.

ಇನ್ನು ಆ ಹುಡುಗಿಯ ಕೆಲಸ. ಅವಳು ಬಳಸುವುದು ಎರಡು ವಾಹನಗಳನ್ನು. ಒಂದು ಎಎವಿ ಎಂಬ ಪುಟ್ಟ ವೈರಾಣು. ಇದು ಮನುಷ್ಯರಲ್ಲಿ ತಾನಾಗಿ ರೋಗ ಉಂಟುಮಾಡಿದ್ದು ಕಂಡಿಲ್ಲ. ಇನ್ನೊಂದು ಲೆಂಟಿ ವೈರಾಣು, ಎಚ್‌ಐವಿಯಿಂದ ರೂಪಿಸಿದ್ದು. ಹೆಸರು ಕೇಳಿ ಆ ತಾಯಿ ಎದೆ ಹಿಡಿದುಕೊಂಡಾರು, ಅಗತ್ಯವಿಲ್ಲ. ಎಚ್‌ಐವಿಯ ರೋಗಕಾರಕ ವಂಶವಾಹಿಗಳನ್ನು ತೆಗೆದುಹಾಕಿ, ಉಳಿದದ್ದನ್ನು ಮೂರು ನಾಲ್ಕು ಪ್ರತ್ಯೇಕ ಡಿಎನ್‌ಎ ತುಣುಕುಗಳಲ್ಲಿ ಹಂಚಿರುತ್ತಾರೆ. ಹೀಗೆ ತಯಾರಾದ ಕಣ ಕೋಶವನ್ನು ಒಮ್ಮೆ ಹೊಕ್ಕಬಲ್ಲದು, ಮರಿ ಹಾಕಲಾರದು. ಏಡ್ಸ್ ಬರುವುದಿಲ್ಲ. ಆದರೆ ಹೊಕ್ಕ ಕೋಶದ ವರ್ಣತಂತುವಿಗೆ ಸರಕನ್ನು ಶಾಶ್ವತವಾಗಿ ಬೆಸೆಯುತ್ತದೆ. ಆದುದರಿಂದ ಅಪಾಯ ಗಾಡಿಯಲ್ಲಿ ಎಷ್ಟಿದೆಯೋ ಅಷ್ಟೇ ಸರಕಿನಲ್ಲಿಯೂ ಇದೆ. ಹೊಳೆಯುವ ಪ್ರೋಟೀನಿನ ವಂಶವಾಹಿಯಾದರೆ ಚಿಂತೆ ಕಡಿಮೆ, ಕ್ಯಾನ್ಸರಿಗೆ ಸಂಬಂಧಿಸಿದ್ದಾದರೆ ಅದೇ ಗಾಡಿಯನ್ನು ಹೆಚ್ಚಿನ ಎಚ್ಚರದಿಂದ ನೋಡಬೇಕು. ಅಡೆನೋ ವೈರಾಣುವಿಗೆ ಕೊಬ್ಬಿನ ಹೊದಿಕೆ ಇಲ್ಲದ ಕಾರಣ ಸ್ಪಿರಿಟ್ಟಿನಿಂದ ಒರೆಸಿದರೆ ಅದು ಸುಲಭವಾಗಿ ಸಾಯದು, ಬ್ಲೀಚಿಂಗ್ ದ್ರಾವಣವೇ ಬೇಕು. ಹುಳುಮನೆಯ ಹೆಂಗಸರಿಗೆ ಬ್ಲೀಚಿಂಗ್ ಪುಡಿಯ ಮಹಿಮೆ ಗೊತ್ತೇ ಇದೆ.

ಅಪಾಯ ಹೆಚ್ಚಾಗಿ ಬರುವುದು ಸೂಜಿಯಿಂದ. ಇಲಿ ಒದ್ದಾಡುತ್ತದೆ, ಕೈ ಜಾರುತ್ತದೆ. ಅದಕ್ಕಾಗಿ ಪ್ರಾಣಿಗೆ ಅರಿವಳಿಕೆ ಕೊಟ್ಟು ಚುಚ್ಚುವುದು, ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕದೆ ನೇರವಾಗಿ ಗಟ್ಟಿ ಡಬ್ಬಕ್ಕೆ ಹಾಕುವುದು, ಜೋಡಿ ಕೈಗವಸು, ಕಣ್ಣಿಗೆ ಕನ್ನಡಕ. ಚುಚ್ಚಿದ ಮೊದಲ ಎರಡು ಮೂರು ದಿನ ಇಲಿಯ ಮೂತ್ರ, ಮಲ, ಹಾಸಿನ ಹೊಟ್ಟಿನಲ್ಲಿ ವೈರಾಣು ಇರಬಹುದಾದ್ದರಿಂದ ಆ ಪಂಜರಗಳಿಗೆ ಗುರುತಿನ ಚೀಟಿ ಅಂಟಿಸಿ, ಹಾಸನ್ನು ಬಿಸಿ ಹಬೆಯಲ್ಲಿ ಶುದ್ಧಗೊಳಿಸಿಯೇ ಹೊರಗೆ ಹಾಕಬೇಕು.

ಆ ಚೀಟಿಯ ವಿಷಯದಲ್ಲಿ ನನಗೆ ತುಸು ಕೋಪವೇ ಇದೆ. ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಪಂಜರ ತೊಳೆಯುವವರು ಬಹುಮಟ್ಟಿಗೆ ಗುತ್ತಿಗೆಯ ಮೇಲಿರುವವರು, ನಮ್ಮಂಥ ಊರುಗಳಿಂದಲೇ ಹೋದವರು, ಏಳನೆಯ ಎಂಟನೆಯ ತರಗತಿಯಲ್ಲಿ ಶಾಲೆ ಬಿಟ್ಟವರು. ನನ್ನ ತರಗತಿಯ ಹಿಂದಿನ ಬೆಂಚುಗಳಲ್ಲಿ ಕುಳಿತಿದ್ದವರ ಮುಖಗಳು ಕಣ್ಣ ಮುಂದೆ ಬರುತ್ತವೆ. ಸಂಶೋಧಕಿಗೆ ತರಬೇತಿ, ಸಹಿ, ಪ್ರಮಾಣಪತ್ರ ಎಲ್ಲವೂ ಇದೆ. ಮೂರನೆಯ ದಿನ ಹೊಟ್ಟನ್ನು ಸುರಿಯುವವನಿಗೆ ಅದರಲ್ಲೇನಿದೆ ಎಂದು ಕನ್ನಡದಲ್ಲಿ ಯಾರು ಹೇಳುತ್ತಾರೆ?

ಶಿಷ್ಯೆಗೆ ಕಳೆದ ತಿಂಗಳು ಇದನ್ನೇ ಬರೆದೆ. ಅವಳಿಗೆ ಸೂಜಿ ತಾಗಿದರೆ ಮಾಡಬೇಕಾದದ್ದು ಅವಳಿಗೆ ಗೊತ್ತಿದೆ: ಹಿಂಡದೆ, ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದು, ಮುಚ್ಚಿಡದೆ ಆ ಕ್ಷಣವೇ ಮೇಲಿನವರಿಗೆ ತಿಳಿಸುವುದು, ಲೆಂಟಿ ವೈರಾಣುವಾದರೆ ಕೆಲವೇ ಗಂಟೆಗಳಲ್ಲಿ ವೈದ್ಯರನ್ನು ಕಂಡು ಎಚ್‌ಐವಿ ತಡೆಯುವ ಮಾತ್ರೆ ಬೇಕೇ ಎಂದು ನಿರ್ಧರಿಸಿಕೊಳ್ಳುವುದು, ಗಾಡಿಯ ಜೊತೆಗೆ ಸರಕಿನ ಹೆಸರನ್ನೂ ಹೇಳುವುದು. ಇಷ್ಟನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಪ್ರಾಣಿಮನೆಯ ತೊಟ್ಟಿಯ ಮೇಲೆ ಅಂಟಿಸಲು ಹೇಳಿದೆ. ಕರಡನ್ನು ನಾನೇ ಬರೆದುಕೊಟ್ಟೆ. ಸಮಿತಿಯ ಒಪ್ಪಿಗೆ ಬೇಕಂತೆ, ಅರ್ಜಿ ಕೊಟ್ಟಿದ್ದಾಳೆ.